ಹದಿನಾಲ್ಕು ಶಿಖರ, 92 ದಿನ, ಮತ್ತು ಹೊರೆ ಹೊತ್ತವರು

ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊನ್ನೆ ಸಂಜೆ ಕಿನ್ನರದ ನಮ್ಮ ಕೇರಿಯ ಹುಡುಗನೊಬ್ಬ ಮೊಬೈಲ್ ಹಿಡ್ಕೊಂಡು ಮನೆಗೆ ಬಂದ. "ಅಣ್ಣಾ, ಎಂಟು ಸಾವಿರ ಮೀಟರಿಗಿಂತ ಎತ್ತರದ ಹದಿನಾಲ್ಕೂ ಶಿಖರ ಬರೀ 92 ದಿನದಲ್ಲಿ ಹತ್ತಿದ್ದಾರಂತೆ, ನೋಡು" ಅಂದ. ಈ ಹುಡುಗ ಹೋದ ಚಳಿಗಾಲದಲ್ಲಿ ನಮ್ಮ ಕಡೆ ಗುಡ್ಡದಲ್ಲಿ ನಡೆದ ಒಂದು ಓಟದ ಸ್ಪರ್ಧೆಗೆ ನೀರಿನ ಕ್ಯಾನ್ ಹೊತ್ತವ. ಓಡೋರು ಒಂದು ಸಲ ಹತ್ತಿದ ಗುಡ್ಡವನ್ನ ಇವ ಬೆಳಿಗ್ಗೆಯಿಂದ ಮೂರು ಸಲ ಹತ್ತಿ ಇಳಿದಿದ್ದ, ಹೆಗಲ ಮೇಲೆ ಇಪ್ಪತ್ತು ಲೀಟರ್ ಇಟ್ಕೊಂಡು. ಕಾಲಲ್ಲಿ ಹವಾಯಿ ಚಪ್ಪಲಿ. ಓಡಿದವರ ಹೆಸರು ನಿಮಿಷ ಸೆಕೆಂಡ್ ಸಮೇತ ಬೋರ್ಡಿನ ಮೇಲೆ ಬಂತು. ಇವನಿಗೆ ಕೂಲಿ ಬಂತು, ಅದೂ ಎರಡು ದಿನ ತಡವಾಗಿ. ಅವನ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದೆ, ಅದನ್ನೇ ಇಲ್ಲಿ ಬರೀತಿದ್ದೇನೆ.

ಈ ದಾಖಲೆಯ ಇತಿಹಾಸ ಬಹಳ ಹಳೇದಲ್ಲ. ಹದಿನಾಲ್ಕನ್ನೂ ಮೊದಲು ಮುಗಿಸಿದವರು ಇಟಲಿಯ ರೈನ್‌ಹೋಲ್ಡ್ ಮೆಸ್ನರ್. 1970ರಲ್ಲಿ ಶುರು, 1986ರಲ್ಲಿ ಮುಕ್ತಾಯ, ಅಂದ್ರೆ 16 ವರ್ಷ. ಮರುವರ್ಷವೇ ಪೋಲೆಂಡಿನ ಯೆರ್ಜಿ ಕುಕುಚ್ಕಾ ಮುಗಿಸಿದ್ರು, ಅವರಿಗೆ ಹಿಡಿದದ್ದು ಎಂಟು ವರ್ಷಕ್ಕೂ ಸ್ವಲ್ಪ ಕಡಿಮೆ. ಆ ದಾಖಲೆ ಕಾಲು ಶತಮಾನ ಹಾಗೇ ಕೂತಿತ್ತು. 2013ರಲ್ಲಿ ಕೊರಿಯಾದ ಕಿಮ್ ಚಾಂಗ್-ಹೋ ಅದರಲ್ಲಿ ಒಂದು ತಿಂಗಳಷ್ಟು ಕಡಿಮೆ ಮಾಡಿದ್ರು. ಆಮೇಲೆ 2019ರಲ್ಲಿ ನೇಪಾಳದ ನಿರ್ಮಲ್ ಪುರ್ಜಾ, ಮಗರ್ ಸಮುದಾಯದವ, ಗೂರ್ಖಾ ಸೈನಿಕನಾಗಿದ್ದವ, ಏಪ್ರಿಲ್‌ನಲ್ಲಿ ಹೊರಟು ಅಕ್ಟೋಬರ್‌ಗೆ ಮುಗಿಸಿದ್ದೇನೆ ಅಂದ. 6 ತಿಂಗಳು 6 ದಿನ! ಒಂದೆರಡು ಶಿಖರಗಳಲ್ಲಿ ನಿಜವಾದ ತುದಿ ಯಾವುದು ಅಂತ ಆಮೇಲೆ ತಕರಾರು ಎದ್ದಿತು, ಅದು ಬೇರೆ ಮಾತು. ತಂಡ ಪೂರ್ತಿ ನೇಪಾಳಿಗಳದ್ದೇ. ಹೊರುವವರೇ ಹತ್ತುವವರೂ ಆದದ್ದು ನನಗೆ ಖುಷಿ ಕೊಟ್ಟ ಸಂಗತಿ.

ಹುಡುಗ ತೋರಿಸಿದ 92 ದಿನದ್ದು 2023ರ ಕತೆ. ನಾರ್ವೆಯ ಕ್ರಿಸ್ಟಿನ್ ಹರಿಲಾ ಅವರ ಹೆಸರು ದೊಡ್ಡದಾಗಿ ಬಂತು. ಜೊತೆಗೆ ಹದಿನಾಲ್ಕನ್ನೂ ಅಷ್ಟೇ ದಿನದಲ್ಲಿ ಹತ್ತಿದ ಇನ್ನೊಬ್ಬ ಇದ್ದ, ತೆಂಜೆನ್ ಲಾಮಾ ಶೆರ್ಪಾ. ದಾಖಲೆ ಇಬ್ಬರದ್ದೂ. ಆದ್ರೆ ನಮ್ಮ ಹುಡುಗನ ಮೊಬೈಲಲ್ಲಿ ಅವನ ಹೆಸರು ಎರಡನೇ ಸಾಲಿನ ಕೊನೆಗಿತ್ತು. ಜುಲೈ 27ಕ್ಕೆ ಕೆ2 ತುದಿಯಲ್ಲಿ ದಾಖಲೆ ಮುಗೀತು. ಅಕ್ಟೋಬರ್ 7ಕ್ಕೆ ಶಿಶಾಪಂಗ್ಮಾದಲ್ಲಿ ಹಿಮ ಕುಸಿದು ತೆಂಜೆನ್ ತೀರಿಹೋದ. ಆಗ ಅವ ಬೇರೊಬ್ಬರ ದಾಖಲೆಗಾಗಿ ದುಡೀತಿದ್ದ. ವಿಶ್ವದಾಖಲೆ ಮಾಡಿ ಎರಡೂವರೆ ತಿಂಗಳಾಗಿರಲಿಲ್ಲ, ಮತ್ತೆ ಕೂಲಿಗೆ ಹೋಗಿದ್ದ.

ಕೆ2ನ ಅದೇ ದಿನದ ಇನ್ನೊಂದು ಹೆಸರು ಮೊಹಮ್ಮದ್ ಹಸನ್. ಪಾಕಿಸ್ತಾನದ ಶಿಗರ್ ಕಣಿವೆಯವ, ಮೂರು ಮಕ್ಕಳ ತಂದೆ, ಹಗ್ಗ ಕಟ್ಟುವ ತಂಡಕ್ಕೆ ಕೂಲಿ. ಬಾಟಲ್‌ನೆಕ್ ಅನ್ನೋ ಇಕ್ಕಟ್ಟಿನ ಜಾಗದಲ್ಲಿ ಬಿದ್ದ. ಆ ಎತ್ತರಕ್ಕೆ ತಕ್ಕ ಬಟ್ಟೆ ಅವನ ಮೈಮೇಲಿರಲಿಲ್ಲ. ಅವನನ್ನ ದಾಟಿಕೊಂಡು ಜನ ಸಾಲಾಗಿ ಮೇಲೆ ಹೋಗ್ತಿರೋದು ಡ್ರೋನ್ ವಿಡಿಯೋದಲ್ಲಿದೆ. ಹರಿಲಾ ಅವರು ತಮ್ಮ ತಂಡ ಗಂಟೆಗಟ್ಟಲೆ ಉಳಿಸೋಕೆ ನೋಡಿತು ಅಂತ ಹೇಳಿದ್ದಾರೆ. ಅದನ್ನ ಸುಳ್ಳು ಅನ್ನೋಕೆ ನಾನು ಅಲ್ಲಿರಲಿಲ್ಲ. ಆದ್ರೆ ಬಿದ್ದವ ದುಡ್ಡು ಕೊಟ್ಟು ಬಂದ ಗಿರಾಕಿ ಆಗಿದ್ರೆ ಆ ಸಾಲು ಹಾಗೇ ಮುಂದೆ ಹೋಗ್ತಿತ್ತಾ? ನಮ್ಮ ಜನಕ್ಕೆ ಈ ಪ್ರಶ್ನೆ ಹೊಸದಲ್ಲ ಮಾರಾಯ್ರೆ.

ಇನ್ನೂ ಹಿಂದಕ್ಕೆ ಹೋಗಿ. 1922ರ ಜೂನ್‌ನಲ್ಲಿ ಬ್ರಿಟಿಷರ ಎವರೆಸ್ಟ್ ತಂಡದ ಮೇಲೆ ಹಿಮ ಜಾರಿತು. ಸತ್ತವರು ಏಳು ಜನ, ಏಳೂ ಜನ ಹೊರೆಯಾಳುಗಳು. ಸಾಹೇಬರೆಲ್ಲ ಉಳ್ಕೊಂಡ್ರು. ಶೆರ್ಪಾ ಅನ್ನೋದು ಒಂದು ಸಮುದಾಯದ ಹೆಸರು, ಲೋಕ ಅದನ್ನ ಕೆಲಸದ ಹೆಸರು ಮಾಡ್ಕೊಂಡಿದೆ. ನಮ್ಮ ಕಡೆ ಇದು ಉಲ್ಟಾ, ಉಪ್ಪಿನ ಆಗರದಲ್ಲಿ ದುಡಿದವರಿಗೆ ಆಗೇರ ಅಂತ ಕೆಲಸವೇ ಜಾತಿಯಾಗಿ ಅಂಟ್ಕೊಂಡಿತು.

1862ರಿಂದ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದ ಮಹಾರರ ಕಾಲಿನ ಕತೆ ಗೊತ್ತಾಗ್ಬೇಕು ಅಂದ್ರೆ ವತನದ ಕಾನೂನು ನೋಡ್ಬೇಕು. 1874ರ ಕಾಯ್ದೆ ಪ್ರಕಾರ ಸರ್ಕಾರಿ ಕಾಗದ ಒಯ್ಯೋದು, ಅಧಿಕಾರಿ ಬಂದ್ರೆ ಮುಂದೆ ಓಡೋದು, ಹಗಲು ರಾತ್ರಿ ಯಾವಾಗ ಕರೆದ್ರೂ ಹೋಗೋದು ಅವರ ಪಾಲು. ಅವ ಇಲ್ಲ ಅಂದ್ರೆ ಮನೆಯಲ್ಲಿದ್ದ ಅಪ್ಪನೋ ತಮ್ಮನೋ ಹೋಗ್ಬೇಕು. ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ಇದನ್ನ ಬದಲಿಸೋ ಮಸೂದೆ ತಂದ್ರು, ಮರುವರ್ಷ ವಾಪಸ್ ತಗೋಬೇಕಾಯ್ತು. ನಮ್ಮ ರಾಜ್ಯದಲ್ಲಿ ಇಂಥ ವಂಶಪಾರಂಪರ್ಯ ಚಾಕರಿಗಳು ಕಾನೂನಿನಲ್ಲಿ ಹೋದದ್ದು 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯಿಂದ, ಅದೂ 1963ರ ಫೆಬ್ರವರಿಯಿಂದ.

ನಮ್ಮಜ್ಜ ಬಿಟ್ಟಿ ಹೊತ್ತವ. ಕಾಳಿ ಹೊಳೆ ಗುಂಟ ಕದ್ರಾ ಕಡೆಗೆ, ಆಮೇಲೆ ಘಟ್ಟ ಹತ್ತಿ, ಸಾಹೇಬರ ಡೇರೆ, ಪೆಟ್ಟಿಗೆ, ಒಂದ್ಸಲ ಕುರ್ಚಿ ಕೂಡ. ಸಾಹೇಬ ಕುದುರೆಯಿಂದ ಇಳಿಯೋದ್ರೊಳಗೆ ಡೇರೆ ನಿಂತಿರ್ಬೇಕಿತ್ತಂತೆ. ಅಂದ್ರೆ ಕುದುರೆಗಿಂತ ಮೊದಲು ಮುಟ್ಬೇಕು. ಈ ಮಾತು ಹೇಳುವಾಗ ಅಜ್ಜಿ ನಗ್ತಿದ್ಲು, ನನಗೆ ಯಾಕಂತ ಇವತ್ತಿಗೂ ಅರ್ಥ ಆಗಿಲ್ಲ. ಎಷ್ಟು ಹೊತ್ತಲ್ಲಿ ಹೋದ ಅಂತ ನೋಡೋಕೆ ಅವನ ಹತ್ರ ಗಡಿಯಾರ ಇರ್ಲಿಲ್ಲ, ಗಡಿಯಾರ ಇದ್ದವರಿಗೆ ನೋಡೋ ಅಗತ್ಯ ಬೀಳ್ಲಿಲ್ಲ.

ಹುಡುಗನಿಗೆ ಇದಿಷ್ಟೇ ಹೇಳಿ ಕಳಿಸೋಕೆ ಮನಸ್ಸಾಗಲಿಲ್ಲ. ಮಾಲಾವತ್ ಪೂರ್ಣಾ ಬಗ್ಗೆ ಹೇಳಿದೆ. ತೆಲಂಗಾಣದ ಪಾಕಾಲದ ಲಂಬಾಡಿ ಹುಡುಗಿ, ಕೂಲಿಕಾರರ ಮಗಳು, ಸಮಾಜ ಕಲ್ಯಾಣ ವಸತಿ ಶಾಲೆಯ ವಿದ್ಯಾರ್ಥಿನಿ. ಅಲ್ಲಿ ಅವರು ಪರಿಶಿಷ್ಟ ಪಂಗಡ, ನಮ್ಮ ರಾಜ್ಯದಲ್ಲಿ ಅದೇ ಲಂಬಾಣಿಗರು ಪರಿಶಿಷ್ಟ ಜಾತಿ. 2014ರ ಮೇ 25ರಂದು 13 ವರ್ಷ 11 ತಿಂಗಳಿಗೆ ಎವರೆಸ್ಟ್ ಹತ್ತಿದ್ಲು. ಜೊತೆಗೆ ಖಮ್ಮಂ ಜಿಲ್ಲೆಯ ದಲಿತ ಹುಡುಗ ಆನಂದ್ ಕುಮಾರ್. ಆ ಶಾಲೆಗಳ ಹೊಣೆ ಹೊತ್ತಿದ್ದ ಐಪಿಎಸ್ ಅಧಿಕಾರಿ ಆರ್.ಎಸ್. ಪ್ರವೀಣ್ ಕುಮಾರ್ ಮಕ್ಕಳನ್ನ ಭೋನಗಿರಿ ಬಂಡೆಯ ಮೇಲೆ ತರಬೇತಿಗೆ ಹಾಕಿದ್ರು. ಎಲ್ಲಾ ಶುರುವಾದದ್ದು ಒಂದು ಬಂಡೆಯಿಂದ! ಬಂಡೆ, ಗುಡ್ಡ ನಮ್ಮಲ್ಲಿಲ್ವಾ? ಆದ್ರೆ ಅದೇ ವರ್ಷ ಏಪ್ರಿಲ್ 18ಕ್ಕೆ ನೇಪಾಳದ ಬದಿಯಲ್ಲಿ ಹಿಮ ಕುಸಿದು ಗಿರಾಕಿಗಳಿಗೆ ದಾರಿ ಮಾಡ್ತಿದ್ದ 16 ಜನ ಕೆಲಸಗಾರರು ಸತ್ತಿದ್ರು ಅನ್ನೋದನ್ನೂ ಅವನಿಗೆ ಹೇಳಿದೆ. ಎರಡೂ ಗೊತ್ತಿರಲಿ.

ಎಲ್ಲ ಕೇಳಿ ಅವ, "ಅಣ್ಣಾ, ಈ ಸಲ ನಾನು ಕ್ಯಾನ್ ಹೊರೋದಿಲ್ಲ, ಓಡ್ತೇನೆ" ಅಂದ. ಪ್ರವೇಶ ಶುಲ್ಕ ಅವನ ನಾಲ್ಕು ದಿನದ ಕೂಲಿ. ಅದನ್ನ ನಾವು ಕೆಲವರು ಸೇರಿ ಕಟ್ತೇವೆ. ಕ್ಯಾನ್ ಹೊರೋ ಹುಡುಗರ ಹೆಸರೂ ಬೋರ್ಡಿನಲ್ಲಿ ಬರ್ಬೇಕು, ಕೂಲಿ ಅದೇ ದಿನ ಸಿಗ್ಬೇಕು, ವಿಮೆ ಇರ್ಬೇಕು ಅಂತ ಸಂಘಟಕರಿಗೆ ಪತ್ರ ಕೊಟ್ಟಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.

ಭಾನುವಾರ ಬೆಳಿಗ್ಗೆ ಆರಕ್ಕೆ ಗುಡ್ಡದ ಬುಡದಲ್ಲಿ ಅವನ ಅಭ್ಯಾಸ. ವಾಚ್ ನಾನು ಹಿಡ್ಕೊಂಡು ನಿಲ್ತೇನೆ. ಕಾರವಾರ, ಅಂಕೋಲೆ ಕಡೆಯವರು ಯಾರ ಹತ್ರ ಆದ್ರೂ ಎಂಟನೇ ನಂಬರಿನ ಓಟದ ಬೂಟು ಇದ್ರೆ, ಹಳೇದಾದ್ರೂ ಅಡ್ಡಿಲ್ಲ, ಇನ್‌ಬಾಕ್ಸಿಗೆ ತಿಳಿಸಿ.