ಬಿಡದಿಗೆ ಬಂದ ವಿದ್ಯೆ ಯಾರ ಕೈ ಸೇರಿತು?

ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿ, ರಾಮನಗರ, ಚನ್ನಪಟ್ಟಣದ ಸೀಮೆಗೆ ಜಪಾನಿನ ವಿದ್ಯೆ ಮೂರು ದಾರಿಯಲ್ಲಿ ಬಂದಿದೆ: ಬೊಂಬೆಗೆ, ರೇಷ್ಮೆಗೆ, ಮೋಟಾರು ವಾಹನಕ್ಕೆ. ಹಾಗೆ ಬಂದದ್ದು ಎಷ್ಟರಮಟ್ಟಿಗೆ ಊರಿನ ಸೊತ್ತಾಯಿತು ಎಂಬುದೇ ನನ್ನ ಪ್ರಶ್ನೆ.

ಚನ್ನಪಟ್ಟಣದ ಬೊಂಬೆಯದು ಮೊದಲನೆಯ ದಾರಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಪಾನಿನ ಅರಗುಗಾರಿಕೆಯನ್ನು ಇಲ್ಲಿಗೆ ತಂದವರೆಂದು ಬಾವಾಸ್ ಮಿಯಾ ಅವರನ್ನು ಇಂದಿಗೂ ನೆನೆಯುತ್ತಾರೆ. ಲೇತಿನಲ್ಲಿ ತಿರುಗುವ ಆಲೆಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಬಣ್ಣ ಕರಗಿ ಹತ್ತುತ್ತದೆ. ಎಷ್ಟು ಒತ್ತಬೇಕೆಂಬುದು ಗೊತ್ತಿರುವುದು ಕೈಗೆ ಮಾತ್ರ.

ರೇಷ್ಮೆಯ ಕಥೆ ಇನ್ನೂ ದೊಡ್ಡದು. 1890ರ ದಶಕದಲ್ಲೇ ಉದ್ಯಮಿ ಜೆಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿ ಜಪಾನಿನ ತಜ್ಞರನ್ನು ಕರೆಸಿದ್ದರು. ನೂರು ವರ್ಷದ ನಂತರ, 1991ರಿಂದ, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಜಪಾನಿನ ಸಹಕಾರ ಸಂಸ್ಥೆ ಜೈಕಾದ ನೆರವಿನಿಂದ ನಮ್ಮ ಹವೆಗೆ ಒಗ್ಗುವ ದ್ವಿತಳಿ (ಬೈವೋಲ್ಟೀನ್) ರೇಷ್ಮೆಹುಳುಗಳನ್ನು ರೂಪಿಸಿತು. ದ್ವಿತಳಿ ಗೂಡಿನ ನೂಲು ಉದ್ದ, ಗಟ್ಟಿ. ಆದರೆ ಹುಳು ಬಿಸಿಲು, ರೋಗ ತಡೆಯದು. ಬೀಜ ಕೊಟ್ಟರಷ್ಟೇ ಸಾಲದು. ಪ್ರತ್ಯೇಕ ಹುಳುಮನೆ, ಸೋಂಕು ನಿವಾರಣೆ, ಚಾಕಿ ಕೇಂದ್ರದಲ್ಲಿ ಎಳೆಹುಳುಗಳ ಪೋಷಣೆ, ಎಲ್ಲವನ್ನೂ ಕಲಿಸಬೇಕಾಯಿತು. ಆ ಕಲಿಕೆಗೆ ಬೇಲಿಯಿರಲಿಲ್ಲ. ಇಲಾಖೆಯ ಮೂಲಕ ರೈತರಿಗೆ, ಒಬ್ಬ ರೈತನಿಂದ ಪಕ್ಕದ ಮನೆಗೆ ಹರಿಯಿತು. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಗಿರುವುದರ ಹಿಂದೆ ಇಂಥ ಹಂಚಿಕೊಂಡ ಅರಿವಿದೆ ಎಂದೇ ನನ್ನ ನಂಬಿಕೆ.

ಇಷ್ಟರಲ್ಲಿ ಅರ್ಥಶಾಸ್ತ್ರವೂ ಅರಿವು ಒಂದು ಬಂಡವಾಳವೆಂಬ ಮಾತಿಗೆ ಬಂದಿತ್ತು. 1961ರಲ್ಲಿ ಥಿಯೊಡೋರ್ ಶುಲ್ಟ್ಜ್ ಶಿಕ್ಷಣದ ಖರ್ಚನ್ನು ಹೂಡಿಕೆಯೆಂದು ಎಣಿಸಿದರು. 1990ರ ದಶಕದಲ್ಲಿ ಸ್ವೀಡನ್ನಿನ ಸ್ಕಾಂಡಿಯಾ ಕಂಪನಿ ಬೌದ್ಧಿಕ ಬಂಡವಾಳದ ವರದಿಯನ್ನೇ ಹೊರತಂದಿತು. ಜನರ ಅರಿವು, ಸಂಸ್ಥೆಯ ಪದ್ಧತಿ, ಹೊರಗಿನವರೊಡನೆ ಸಂಬಂಧ ಎಂಬ ವಿಂಗಡಣೆ ಆಗ ಬೇರೂರಿತು. ಅಲ್ಲಿ ಲೆಕ್ಕ ಕಂಪನಿಯದು, ಊರಿನದಲ್ಲ.

ಮೂರನೆಯ ದಾರಿಯಾದ ಮೋಟಾರು ವಾಹನ ಬಂದ ಬಿಡದಿಯಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಟೊಯೊಟಾ ಕಿರ್ಲೋಸ್ಕರ್ 1997ರಲ್ಲಿ ಸ್ಥಾಪನೆಯಾಗಿ, 1999ರ ಕೊನೆಗೆ ಕ್ವಾಲಿಸ್ ವಾಹನದ ತಯಾರಿಕೆ ಆರಂಭಿಸಿತು. 2007ರಲ್ಲಿ ಅದು ತೆರೆದ ತಾಂತ್ರಿಕ ತರಬೇತಿ ಸಂಸ್ಥೆ ಹಳ್ಳಿಗಾಡಿನ ಬಡ ಮಕ್ಕಳಿಗೆ ಅಲ್ಲೇ ಉಳಿಸಿಕೊಂಡು ಮೂರು ವರ್ಷ ಕಲಿಸುತ್ತದೆ. ಇದು ನಿಜವಾಗಿ ಒಳ್ಳೆಯ ಕೆಲಸ. ಆದರೆ ಅರಿವಿನಷ್ಟೇ ಕಾರ್ಮಿಕರೊಡನೆ ಇರುವ ಸಂಬಂಧವೂ ಬಂಡವಾಳ. 2020ರ ನವೆಂಬರ್‌ನಿಂದ ತಿಂಗಳುಗಟ್ಟಲೆ ನಡೆದ ಮುಷ್ಕರ, ಲಾಕೌಟ್‌ಗಳಲ್ಲಿ ಕುಶಲ ಕೈಗಳಿದ್ದೂ ಕೆಲಸ ಕುಂಟಿತು.

ಟೊಯೊಟಾದ ಬೇರು ಇರುವುದು ಮಗ್ಗದಲ್ಲಿ. ಸಾಕಿಚಿ ಟೊಯೊಡಾ ರೂಪಿಸಿದ, ಎಳೆ ಕಡಿದರೆ ತಾನಾಗಿ ನಿಲ್ಲುವ ಮಗ್ಗದ ತತ್ವವೇ ಮುಂದೆ ಕಾರು ಕಾರ್ಖಾನೆಯ ಶಿಸ್ತಾಯಿತು. ಅದೇ ಹೆದ್ದಾರಿಯ ಮುಂದಿನ ಊರು ರಾಮನಗರದಲ್ಲಿ ಗೂಡಿನಿಂದ ನೂಲು ಬಿಚ್ಚುವ ರೀಲರ್‌ಗಳು ಎಳೆ ಕಡಿಯುವುದರೊಡನೆ ದಿನವೂ ಹೆಣಗುತ್ತಾರೆ. ಬಿಡದಿಯ ಕಾರ್ಖಾನೆಗಳು, ಐಟಿಐಗಳು, ರೇಷ್ಮೆ ಇಲಾಖೆ ಒಂದೆಡೆ ಕೂತು ನೂಲು ಬಿಚ್ಚುವ ಯಂತ್ರಗಳ ದುರಸ್ತಿ ಮತ್ತು ಗುಣಮಟ್ಟದ ಕಾರ್ಯಾಗಾರವೊಂದನ್ನು ಎಲ್ಲರಿಗೂ ತೆರೆದಿಟ್ಟು ನಡೆಸಲಿ. ಕೆಲಸ ಅಲ್ಲಿಂದ ಶುರುವಾಗಬಹುದು.