ಕೆಡೆಟ್ಟನ ಲಾಂಛನ

‘ಕೆಡೆಟ್’ ಎಂಬ ಮಾತು ಈಗ ನಮ್ಮ ಶಾಲೆಗಳಲ್ಲಿ ಕನ್ನಡದ್ದೇ ಎಂಬಷ್ಟು ಬಳಕೆಯಾಗಿದೆ. ಅದು ಫ್ರೆಂಚರಿಂದ ಬಂದದ್ದು. ಮೂಲದಲ್ಲಿ ಕಿರಿಯ ಮಗನೆಂದು ಅರ್ಥ. ಯೂರೋಪಿನ ದೊಡ್ಡ ಮನೆತನಗಳಲ್ಲಿ ನೆಲವೂ ಬಿರುದೂ ಹಿರಿಯನ ಪಾಲಾಗುತ್ತಿದ್ದುದರಿಂದ ಕಿರಿಯರು ಸೈನ್ಯಕ್ಕೆ ಸೇರುತ್ತಿದ್ದರು; ಹೆಸರು ಸೈನಿಕ ಶಿಕ್ಷಣ ಪಡೆಯುವ ಹುಡುಗನಿಗೆ ನಿಂತಿತು. ಆ ಕಿರಿತನ ಗುರಾಣಿಯ ಮೇಲೂ ಕಾಣಬೇಕಾಗಿತ್ತು. ಇಂಗ್ಲೆಂಡಿನ ಪದ್ಧತಿಯಲ್ಲಿ ತಂದೆಯ ಲಾಂಛನದ ಮೇಲೆ ಎರಡನೆಯವನು ಬಾಲಚಂದ್ರನನ್ನು, ಮೂರನೆಯವನು ನಕ್ಷತ್ರವನ್ನು, ನಾಲ್ಕನೆಯವನು ಹಕ್ಕಿಯೊಂದನ್ನು ಬರೆಸಿಕೊಳ್ಳಬೇಕು. ಆ ಹಕ್ಕಿಗೆ ಕಾಲಿಲ್ಲ. ಊರಲು ನೆಲವಿಲ್ಲದವನಿಗೆ ಕಾಲೇಕೆ ಎಂದು ಅರ್ಥ ಹೇಳುವುದುಂಟು!

ನಮ್ಮ ಶಾಸನಗಳಲ್ಲೂ ಲಾಂಛನ ವಂಶದ ಸೊತ್ತೇ. ಚಾಲುಕ್ಯರದು ವರಾಹ, ರಾಷ್ಟ್ರಕೂಟರದು ಗರುಡ. ಹಾನಗಲ್ಲಿನ ಕದಂಬರನ್ನು ಹೊಗಳುವಾಗ ಶಾಸನಕವಿ ಸಿಂಹಲಾಂಛನ, ವಾನರಧ್ವಜ ಎಂದು ಎರಡನ್ನೂ ಹೇಳುತ್ತಾನೆ. ಮುದ್ರೆಯ ಗುರುತು ಬೇರೆ, ಬಾವುಟದ್ದು ಬೇರೆ. ಈ ಪಾಠ ಹೇಳುವಾಗ ಖಾಕಿ ತೊಟ್ಟು ಕುಳಿತ ವಿದ್ಯಾರ್ಥಿಗಳ ಟೋಪಿಯ ಕಡೆಗೆ ನನ್ನ ಕಣ್ಣು ಹೋಗುತ್ತದೆ.

1948ರ ಕಾಯಿದೆಯಿಂದ ಹುಟ್ಟಿದ ಎನ್.ಸಿ.ಸಿ.ಗೆ ಮೊದಲ ಬಾವುಟ ಬಂದದ್ದು 1951ರಲ್ಲಿ. ಅದು ಸೈನ್ಯದ ರೆಜಿಮೆಂಟುಗಳ ಬಾವುಟದ ಪಡಿಯಚ್ಚು. ನಡುವಿನ ಗುರುತು ಮಾತ್ರ ಬೇರೆ. ವಾಯುದಳ, ನೌಕಾದಳಗಳ ವಿಭಾಗಗಳೂ ಕೂಡಿಕೊಂಡ ಮೇಲೆ ಅದು ಸಾಲದಾಗಿ, 1954ರಲ್ಲಿ ಮೂರು ಬಣ್ಣದ ಬಾವುಟವಾಯಿತು: ಭೂಸೇನೆಗೆ ಕೆಂಪು, ನೌಕಾಪಡೆಗೆ ಕಡುನೀಲಿ, ವಾಯುಪಡೆಗೆ ತಿಳಿನೀಲಿ. ನಡುವೆ ಹೊಂಬಣ್ಣದ ಅಕ್ಷರ. ಸುತ್ತಲೂ ತಾವರೆಯ ಮಾಲೆ. ಯೂರೋಪಿನವರು ಇಂಥಲ್ಲಿ ಲಾರೆಲ್ ಎಲೆಗಳನ್ನು ಸುತ್ತುತ್ತಾರೆ. ನಮ್ಮವರು ಮಾಲೆಯ ರೂಪವನ್ನು ಉಳಿಸಿಕೊಂಡು ನಮ್ಮ ಕೊಳದ ಹೂವನ್ನು ಕಟ್ಟಿದರು. ನನಗೆ ಇದಕ್ಕಿಂತ ಹೆಚ್ಚಿನದೆಂದು ತೋರುವುದು ಇನ್ನೊಂದು: ಇಲ್ಲಿ ಬಾಲಚಂದ್ರನಿಲ್ಲ, ಕಾಲಿಲ್ಲದ ಹಕ್ಕಿಯಿಲ್ಲ. ಗೌಡರ ಮಗನಿಗೂ ಅವರ ಮನೆಯ ಆಳಿನ ಮಗಳಿಗೂ ಬ್ಯಾಡ್ಜು ಒಂದೇ. ತೋಳಿನ ಪಟ್ಟಿಗಳಲ್ಲಿ ಹೆಚ್ಚುಕಡಿಮೆಯುಂಟು, ನಿಜ. ಆದರೆ ಅವನ್ನು ಯಾರೂ ಹುಟ್ಟುತ್ತಲೇ ತರುವುದಿಲ್ಲ.

ಮಾಲೆಯ 17 ತಾವರೆಗಳು 17 ನಿರ್ದೇಶನಾಲಯಗಳ ಗುರುತೆಂದು ಮಕ್ಕಳಿಗೆ ಕಲಿಸುತ್ತಾರೆ. ಕರ್ನಾಟಕಕ್ಕೂ ಗೋವೆಗೂ ಕೂಡಿ ನಿರ್ದೇಶನಾಲಯ ಒಂದೇ, ಆದ್ದರಿಂದ ಹೂವೂ ಒಂದೇ. ಆದರೆ 1954ರಲ್ಲಿ ಗೋವೆ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು; ಅದು ಭಾರತಕ್ಕೆ ಸೇರಿದ್ದು 1961ರಲ್ಲಿ. ನಮ್ಮ ನಾಡು ಒಂದಾದದ್ದೂ 1956ರಲ್ಲಿ. ಅಂದಮೇಲೆ ಇಂದಿನ ಈ ಲೆಕ್ಕ ಬಾವುಟದೊಡನೆ ಹುಟ್ಟಿದ್ದಲ್ಲ, ಆಮೇಲೆ ಕೂಡಿಬಂದದ್ದು. ಗೋವೆಯ ಕದಂಬರು ಕೊಂಕಣವನ್ನೂ ಇಂದಿನ ಬೆಳಗಾವಿ ಜಿಲ್ಲೆಯ ಹಲಸಿಯ ಸುತ್ತಲ ನಾಡನ್ನೂ ಒಟ್ಟಿಗೆ ಆಳಿದಾಗ ಎರಡಕ್ಕೂ ಗುರುತಾಗಿದ್ದುದು ಸಿಂಹ.