ಚಂದ್ರನ ಮೇಲೆ ಉಳಿದ ಪೆಟ್ಟಿಗೆ: ಹ್ಯಾಸಲ್‌ಬ್ಲಾಡ್ ಕ್ಯಾಮೆರಾ ನಡೆದುಬಂದ ದಾರಿ

1969ರ ಜುಲೈನಲ್ಲಿ ಚಂದ್ರನ ನೆಲದಲ್ಲಿ ತೆಗೆದ ಚಿತ್ರಗಳನ್ನು ನೋಡದವರು ವಿರಳ. ಆದರೆ ಅವುಗಳಲ್ಲಿ ಕಾಣಿಸುವ ಗಗನಯಾತ್ರಿ ಬಹುಪಾಲು ಬಜ್ ಆಲ್ಡ್ರಿನ್. ಮೊದಲ ಹೆಜ್ಜೆಯಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಅಲ್ಲ. ಕಾರಣ ಸರಳ. ಹೆಚ್ಚು ಹೊತ್ತು ಕ್ಯಾಮೆರಾ ಇದ್ದದ್ದು ಆರ್ಮ್‌ಸ್ಟ್ರಾಂಗ್ ಅವರ ಎದೆಯ ಮೇಲೆ. ಆ ಕ್ಯಾಮೆರಾ ಸ್ವೀಡನ್ನಿನ ಬಂದರು ನಗರ ಗೋಥೆನ್‌ಬರ್ಗ್‌ನ ಹ್ಯಾಸಲ್‌ಬ್ಲಾಡ್ ಕಂಪನಿಯದು. ಜಗತ್ತಿನ ಸ್ಟುಡಿಯೊಗಳಲ್ಲಿ ದಶಕಗಳ ಕಾಲ ಗೌರವದ ಸ್ಥಾನ ಪಡೆದಿದ್ದ ಈ ಹೆಸರು, 2021ರಿಂದೀಚೆಗೆ ನಮ್ಮಲ್ಲಿ ಅನೇಕರಿಗೆ ಪರಿಚಯವಾದದ್ದು ಮಾತ್ರ ಮೊಬೈಲ್ ಫೋನಿನ ಬೆನ್ನ ಮೇಲೆ.

ಇದರ ಮೂಲ ಕ್ಯಾಮೆರಾ ಕಾರ್ಖಾನೆಯಲ್ಲ, ಒಂದು ವ್ಯಾಪಾರ ಮಳಿಗೆ. 1841ರಲ್ಲಿ ಫ್ರಿಟ್ಜ್ ವಿಕ್ಟರ್ ಹ್ಯಾಸಲ್‌ಬ್ಲಾಡ್ ಆರಂಭಿಸಿದ ಆಮದು ಸಂಸ್ಥೆಯಲ್ಲಿ ಅವರ ಮಗ ಆರ್ವಿಡ್ ವಿಕ್ಟರ್ ಛಾಯಾಗ್ರಹಣ ವಿಭಾಗವನ್ನು ತೆರೆದರು. ಇದರಿಂದ ಹಣ ಬಾರದಿದ್ದರೂ ಪುಕ್ಕಟೆಯಾಗಿ ಫೋಟೊ ತೆಗೆಯಬಹುದು ಎಂಬರ್ಥದ ಮಾತನ್ನು ಅವರು ಹೇಳಿದ್ದರಂತೆ. ಲೆಕ್ಕಾಚಾರ ತಪ್ಪಿತು, ಹಣವೂ ಬಂತು. 1888ರಿಂದ ಜಾರ್ಜ್ ಈಸ್ಟ್‌ಮನ್ ಅವರ ಉತ್ಪನ್ನಗಳ ಆಮದು ಆರಂಭವಾಗಿ, 1908ರಲ್ಲಿ ಛಾಯಾಗ್ರಹಣಕ್ಕೆಂದೇ ಪ್ರತ್ಯೇಕ ಕಂಪನಿ ಸ್ಥಾಪನೆಯಾಯಿತು.

ಕಂಪನಿಯನ್ನು ತಯಾರಿಕೆಯತ್ತ ತಿರುಗಿಸಿದವರು ಅದೇ ಮನೆತನದ ವಿಕ್ಟರ್ ಹ್ಯಾಸಲ್‌ಬ್ಲಾಡ್ (1906–1978). ಹದಿಹರೆಯದಲ್ಲೇ ಕಸುಬು ಕಲಿಯಲು ಜರ್ಮನಿಯ ಡ್ರೆಸ್ಡೆನ್‌ಗೆ ಹೋದ ಅವರು, ಬಳಿಕ ಅಮೆರಿಕದ ರಾಚೆಸ್ಟರ್‌ನಲ್ಲಿ ಈಸ್ಟ್‌ಮನ್ ಕಂಪನಿಯ ಕೆಲಸವನ್ನೂ ನೋಡಿ ಬಂದರು. ತಂದೆಯೊಂದಿಗೆ ಭಿನ್ನಾಭಿಪ್ರಾಯ ತಲೆದೋರಿದಾಗ 1937ರಲ್ಲಿ ಗೋಥೆನ್‌ಬರ್ಗ್‌ನಲ್ಲೇ ಸ್ವಂತ ಅಂಗಡಿ ತೆರೆದರು. ಪಕ್ಷಿ ವೀಕ್ಷಣೆ ಅವರ ಬಿಡಲಾಗದ ಹವ್ಯಾಸ. ವಲಸೆ ಹಕ್ಕಿಗಳ ಕುರಿತು 1935ರಲ್ಲಿ ಪುಸ್ತಕವನ್ನೂ ಪ್ರಕಟಿಸಿದ್ದರು. ಹಾರುವ ಹಕ್ಕಿಯನ್ನು ಹಿಡಿಯಲು ಆಗಿನ ಕ್ಯಾಮೆರಾಗಳು ಸಾಲವು ಎಂಬ ಅಸಮಾಧಾನ ಅವರಲ್ಲಿ ಮೂಡಿದ್ದು ಇಲ್ಲಿಂದಲೇ.

ಯುದ್ಧ ತಂದ ಅವಕಾಶ

1940ರಲ್ಲಿ ಸ್ವೀಡನ್ನಿನ ವಾಯುಪಡೆ, ತನ್ನ ಕೈಗೆ ಸಿಕ್ಕಿದ್ದ ಜರ್ಮನ್ ವೈಮಾನಿಕ ಕ್ಯಾಮೆರಾವೊಂದನ್ನು ತೋರಿಸಿ ಅದರ ಪ್ರತಿಯನ್ನು ಮಾಡಿಕೊಡಲು ಸಾಧ್ಯವೇ ಎಂದು ವಿಕ್ಟರ್ ಅವರನ್ನು ಕೇಳಿತು. ಪ್ರತಿ ಸಾಧ್ಯವಿಲ್ಲ, ಇದಕ್ಕಿಂತ ಉತ್ತಮವಾದುದನ್ನು ಮಾಡಬಲ್ಲೆ ಎಂದು ಅವರು ಉತ್ತರಿಸಿದರೆಂಬುದು ಪ್ರಚಲಿತ ಕಥೆ. ಕಥೆ ಹೇಗೇ ಇರಲಿ, ಗುಜರಿ ಅಂಗಳದ ಪಕ್ಕದ ವಾಹನ ದುರಸ್ತಿ ಶೆಡ್ಡಿನಲ್ಲಿ ಕೆಲಸ ಆರಂಭಿಸಿ 1941ರಿಂದ 1945ರ ನಡುವೆ 342 ಕ್ಯಾಮೆರಾಗಳನ್ನು ಸೇನೆಗೆ ಒಪ್ಪಿಸಿದ್ದು ದಾಖಲೆಯಲ್ಲಿದೆ. ತಂದೆ 1942ರಲ್ಲಿ ತೀರಿಕೊಂಡ ಮೇಲೆ ಮನೆತನದ ಸಂಸ್ಥೆಯೂ ಅವರ ಕೈಗೆ ಬಂತು.

ಯುದ್ಧ ಮುಗಿದ ಮೇಲೆ ನಾಗರಿಕರ ಕೈಗೆ ಕ್ಯಾಮೆರಾ ಕೊಡುವುದು ವಿಕ್ಟರ್ ಅವರ ಗುರಿಯಾಯಿತು. ಸಾಬ್ ಕಾರುಗಳ ವಿನ್ಯಾಸಕ ಸಿಕ್ಸ್ಟನ್ ಸಾಸೋನ್ ಹೊರರೂಪ ಕೊಟ್ಟ ಮೊದಲ ಮಾದರಿ 1948ರ ಅಕ್ಟೋಬರ್ 6ರಂದು ನ್ಯೂಯಾರ್ಕಿನಲ್ಲಿ ಬಿಡುಗಡೆಯಾಯಿತು. ನಂತರ 1600ಎಫ್ ಎಂದು ಹೆಸರಾದ ಅದರಲ್ಲಿ ನಡುವೆ ಒಂದು ಲೋಹದ ಪೆಟ್ಟಿಗೆ. ಮುಂದೆ ಲೆನ್ಸ್, ಹಿಂದೆ ಫಿಲಂ ಮ್ಯಾಗಜಿನ್, ಮೇಲೆ ನೋಡುವ ಕಿಂಡಿ. ಮೂರನ್ನೂ ಕಳಚಿ ಬೇರೆಯದನ್ನು ಜೋಡಿಸಬಹುದಿತ್ತು. ಮುಂದಿನ ಎಲ್ಲ ಯಶಸ್ಸಿಗೂ ಈ ಕಳಚಿ ಕೂಡಿಸುವ ಉಪಾಯವೇ ಬುನಾದಿ.

ಮೊದಲ ಕ್ಯಾಮೆರಾಗಳು ಮಾತ್ರ ಹೆಸರಿಗೆ ತಕ್ಕಂತಿರಲಿಲ್ಲ. ಸೆಕೆಂಡಿನ 1600ನೇ ಒಂದು ಭಾಗದ ವೇಗಕ್ಕೆ ಹಾತೊರೆದ ಶಟರ್ ಪದೇ ಪದೇ ಕೆಡುತ್ತಿತ್ತು. 1952ರಲ್ಲಿ ಬಂದ 1000ಎಫ್‌ನಲ್ಲಿ ವೇಗವನ್ನು ತಗ್ಗಿಸಲಾಯಿತು. ಅಮೆರಿಕದ ‘ಮಾಡರ್ನ್ ಫೋಟೊಗ್ರಫಿ’ ಪತ್ರಿಕೆ ಅದರಲ್ಲಿ 500ಕ್ಕೂ ಹೆಚ್ಚು ಫಿಲಂ ಸುರುಳಿಗಳನ್ನು ಓಡಿಸಿ, ಬೇಕೆಂದೇ ಎರಡು ಬಾರಿ ಕೆಳಕ್ಕೆ ಬೀಳಿಸಿ ಪರೀಕ್ಷಿಸಿತು, ಕ್ಯಾಮೆರಾ ಪಾರಾಯಿತು.

ಸ್ಟುಡಿಯೊ ಗೆದ್ದ 500ಸಿ

ನಿಜವಾದ ತಿರುವು 1957ರ 500ಸಿ ಮಾದರಿ. ಇಲ್ಲಿ ಸ್ವಲ್ಪ ತಾಂತ್ರಿಕ ವಿವರ ಅನಿವಾರ್ಯ. ಹಿಂದಿನ ಮಾದರಿಗಳಲ್ಲಿ ಫಿಲಂನ ಮುಂದೆಯೇ ಪರದೆಯಂತೆ ಸರಿಯುವ ಶಟರ್ ಇತ್ತು. ವೇಗ ಹೆಚ್ಚಿದಂತೆ ಪರದೆಯ ನಡುವಿನ ಸೀಳು ಕಿರಿದಾಗುವುದರಿಂದ, ಕ್ಷಣಮಾತ್ರ ಬೆಳಗುವ ಫ್ಲ್ಯಾಶ್ ಚಿತ್ರದ ಒಂದು ಪಟ್ಟಿಯನ್ನಷ್ಟೇ ಬೆಳಗುತ್ತದೆ, ಉಳಿದದ್ದು ಕತ್ತಲು. 500ಸಿಯಲ್ಲಿ ಶಟರ್ ಲೆನ್ಸಿನ ಒಳಗೇ ಸೇರಿತು. ಹೂವಿನ ಎಸಳುಗಳಂತೆ ನಡುವಿನಿಂದ ತೆರೆದುಕೊಳ್ಳುವ ಅದು ಯಾವ ವೇಗದಲ್ಲಿಯೂ ಒಂದು ಕ್ಷಣ ಪೂರ್ಣವಾಗಿ ತೆರೆದಿರುತ್ತದೆ. ಹೀಗಾಗಿ ಗರಿಷ್ಠ ವೇಗವಾದ 500ನೇ ಒಂದು ಸೆಕೆಂಡಿನವರೆಗೂ ಫ್ಲ್ಯಾಶ್ ಬಳಸಬಹುದು. ಫ್ಲ್ಯಾಶ್ ಬೆಳಕಿನಲ್ಲೇ ದುಡಿಯುವ ಸ್ಟುಡಿಯೊಗೆ ಇದಕ್ಕಿಂತ ಬೇರೇನು ಬೇಕು?

ಪ್ರತಿ ಲೆನ್ಸಿಗೂ ಪ್ರತ್ಯೇಕ ಶಟರ್ ಬೇಕಾದ್ದರಿಂದ ಬೆಲೆ ಏರಿತೆಂಬುದೂ ನಿಜ. ಅನನುಕೂಲಗಳೂ ಕಡಿಮೆಯಿರಲಿಲ್ಲ. ಗುಂಡಿ ಒತ್ತಿದೊಡನೆ ಒಳಗಿನ ಕನ್ನಡಿ ಧಡ್ಡೆಂದು ಮೇಲೇರಿ ಅಲ್ಲೇ ನಿಲ್ಲುತ್ತಿತ್ತು. ಮುಂದಿನ ಚಿತ್ರಕ್ಕೆ ಹಿಡಿಕೆ ತಿರುಗಿಸುವವರೆಗೆ ಕಿಂಡಿಯಲ್ಲಿ ಬರೀ ಕತ್ತಲು. ಮೇಲಿನಿಂದ ಬಗ್ಗಿ ನೋಡಿದರೆ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತಿತ್ತು. ಇಷ್ಟಾದರೂ ವೃತ್ತಿಪರರು ಇದನ್ನು ಬಿಡಲಿಲ್ಲ. ಸುರುಳಿಯ ನಡುವೆಯೇ ಕಪ್ಪು-ಬಿಳುಪಿನ ಮ್ಯಾಗಜಿನ್ ತೆಗೆದು ಬಣ್ಣದ್ದನ್ನು ಹಾಕಬಹುದು. ಪೋಲರಾಯ್ಡ್ ಜೋಡಿಸಿ ಬೆಳಕನ್ನು ಮೊದಲೇ ಪರೀಕ್ಷಿಸಬಹುದು. 6×6 ಸೆಂ.ಮೀ. ಚೌಕ ಚಿತ್ರವಾದ್ದರಿಂದ ಕ್ಯಾಮೆರಾವನ್ನು ಅಡ್ಡ-ಉದ್ದ ತಿರುಗಿಸುವ ಗೊಡವೆಯೂ ಇಲ್ಲ.

ಆಕಾಶಕ್ಕೆ ಏರಿದ್ದು

ಬಾಹ್ಯಾಕಾಶದ ನಂಟು ಕಂಪನಿಯ ಯೋಜನೆಯಿಂದ ಬಂದದ್ದಲ್ಲ ಎಂಬುದು ಗಮನಾರ್ಹ. 1962ರಲ್ಲಿ ಗಗನಯಾತ್ರಿ ವಾಲ್ಟರ್ ಶಿರ್ರಾ ಹ್ಯೂಸ್ಟನ್ನಿನ ಅಂಗಡಿಯೊಂದರಲ್ಲಿ ಸಾಮಾನ್ಯ 500ಸಿ ಖರೀದಿಸಿದರು. ಅದರ ಚರ್ಮದ ಹೊದಿಕೆಯನ್ನು ಕಿತ್ತು, ಬೆಳಕು ಪ್ರತಿಫಲಿಸದಂತೆ ಕಪ್ಪು ಬಣ್ಣ ಬಳಿದು ಅದೇ ಅಕ್ಟೋಬರ್‌ನಲ್ಲಿ ಕಕ್ಷೆಗೆ ಕೊಂಡೊಯ್ಯಲಾಯಿತು. ಫಲಿತಾಂಶ ಕಂಡ ಮೇಲೆಯೇ ನಾಸಾ ಮತ್ತು ಕಂಪನಿಯ ನಡುವೆ ವ್ಯವಹಾರ ಬೆಳೆದದ್ದು. 1968ರ ಡಿಸೆಂಬರ್ 24ರಂದು ಅಪೊಲೊ 8ರಿಂದ ವಿಲಿಯಂ ಆಂಡರ್ಸ್ ತೆಗೆದ ‘ಭೂಮಿಯ ಉದಯ’ದ ಚಿತ್ರವೂ ಹ್ಯಾಸಲ್‌ಬ್ಲಾಡ್‌ನದೇ.

ಚಂದ್ರನ ನೆಲಕ್ಕೆ ಕಳಿಸಿದ ಕ್ಯಾಮೆರಾ ಮೋಟಾರು ಚಾಲಿತ 500ಇಎಲ್ ಮಾದರಿಯನ್ನು ಆಧರಿಸಿತ್ತು. ಬಿಸಿಲಿನ ತಾಪ ತಡೆಯಲು ಅದಕ್ಕೆ ಬೆಳ್ಳಿ ಬಣ್ಣ. ನಿರ್ವಾತದಲ್ಲಿ ಆವಿಯಾಗುವ ಸಾಮಾನ್ಯ ಎಣ್ಣೆಗಳ ಬದಲು ಬೇರೆ ಕೀಲೆಣ್ಣೆ. ಫಿಲಂನ ಮುಂದೆ 25 ಸಣ್ಣ ಶಿಲುಬೆ ಗುರುತುಗಳ ಗಾಜಿನ ಫಲಕವಿದ್ದು, ಚಂದ್ರನ ಚಿತ್ರಗಳಲ್ಲಿ ಕಾಣುವ ‘+’ ಗುರುತುಗಳು ಇದರವೇ. ಚಿತ್ರದಿಂದ ಅಳತೆ ತೆಗೆಯಲು ಅವು ನೆರವಾದವು. ಮರಳುವಾಗ ತೂಕ ಉಳಿಸಲೆಂದು ಫಿಲಂ ಮ್ಯಾಗಜಿನ್ನುಗಳನ್ನು ಕಳಚಿ ತಂದು, ಉಳಿದ ಪೆಟ್ಟಿಗೆ ಮತ್ತು ಲೆನ್ಸುಗಳನ್ನು ಅಲ್ಲೇ ಬಿಡಲಾಯಿತು. ಹೀಗೆ 12 ಕ್ಯಾಮೆರಾಗಳು ಚಂದ್ರನ ಮೇಲಿವೆ ಎಂದು ಕಂಪನಿ ಹೇಳುತ್ತದೆ.

ಕೈ ಬದಲಾದ ಹೆಸರು

1976ರಲ್ಲಿ ವಿಕ್ಟರ್ ಕಂಪನಿಯನ್ನು ಮಾರಿದರು. ಎರಡು ವರ್ಷಗಳಲ್ಲಿ ನಿಧನರಾದರು. ಮಕ್ಕಳಿಲ್ಲದ ದಂಪತಿಯ ಸಂಪತ್ತಿನಿಂದ 1979ರಲ್ಲಿ ಪ್ರತಿಷ್ಠಾನವೊಂದು ಸ್ಥಾಪನೆಯಾಗಿ, ಮರುವರ್ಷದಿಂದ ಛಾಯಾಗ್ರಹಣ ಪ್ರಶಸ್ತಿ ನೀಡುತ್ತ ಬಂದಿದೆ. ಆನ್ಸೆಲ್ ಆಡಮ್ಸ್, ಆನ್ರಿ ಕಾರ್ಟಿಯೆ ಬ್ರೆಸ್ಸಾನ್ ಅವರಂಥವರು ಪಡೆದ ಈ ಪ್ರಶಸ್ತಿ 2022ರಲ್ಲಿ ಭಾರತದ ದಯಾನಿತಾ ಸಿಂಗ್ ಅವರಿಗೆ ಸಂದಿತು.

ಪ್ರತಿಷ್ಠಾನ ಸ್ಥಿರವಾಗಿ ನಿಂತಷ್ಟು ಕಂಪನಿ ನಿಲ್ಲಲಿಲ್ಲ. ಡಿಜಿಟಲ್ ಕಾಲ ಕಾಲಿಟ್ಟಾಗ 2002ರಲ್ಲಿ ಫ್ಯೂಜಿಫಿಲಂ ಸಹಯೋಗದಿಂದ ಎಚ್1 ತಂದಿತು. 2003ರಲ್ಲಿ ಶ್ರೀರೋ ಸಮೂಹದ ಪಾಲಾಯಿತು; 2004ರಲ್ಲಿ ಡೆನ್ಮಾರ್ಕಿನ ಇಮಾಕಾನ್ ಜೊತೆ ವಿಲೀನವಾಯಿತು; 2011ರಲ್ಲಿ ಜರ್ಮನಿಯ ಹೂಡಿಕೆ ಸಂಸ್ಥೆ ವೆಂಟಿಟ್ಜ್ ಕೊಂಡಿತು. 2012ರಲ್ಲಿ ಕಂಪನಿ ‘ಲೂನಾರ್’ ಎಂಬ ಕ್ಯಾಮೆರಾ ಪ್ರಕಟಿಸಿತು. ಒಳಗೆ ಸೋನಿ ನೆಕ್ಸ್-7, ಹೊರಗೆ ಮರದ ಹಿಡಿಕೆ, ಬೆಲೆ ಮೂಲ ಕ್ಯಾಮೆರಾದ ಹಲವು ಪಟ್ಟು. ಚಂದ್ರನ ಹೆಸರನ್ನು ಹೀಗೆ ಬಳಸಿದ್ದನ್ನು ನಿಷ್ಠಾವಂತ ಗ್ರಾಹಕರೇ ಗೇಲಿ ಮಾಡಿದರು; ಆ ಗೇಲಿಗೆ ಅದು ಅರ್ಹವೇ ಆಗಿತ್ತು. ಮರುವರ್ಷ, 2013ರಲ್ಲಿ, 1957ರ ವಂಶದ ಕೊನೆಯ ಕುಡಿ 503ಸಿಡಬ್ಲ್ಯು ತಯಾರಿಕೆ ನಿಂತಿತು.

2015ರಲ್ಲಿ ಡ್ರೋನ್ ತಯಾರಿಸುವ ಚೀನಾದ ಡಿಜೆಐ ಷೇರು ಕೊಂಡು, 2017ರ ಹೊತ್ತಿಗೆ ಬಹುಪಾಲು ಒಡೆತನ ಪಡೆದದ್ದು ವರದಿಯಾಯಿತು. ಒನ್‌ಪ್ಲಸ್ 9 ಸರಣಿಯ ಫೋನುಗಳ ಮೇಲೆ ಹೆಸರು ಬಂದದ್ದು 2021ರಲ್ಲಿ. ಹೆಸರನ್ನು ಬಾಡಿಗೆಗೆ ಬಿಟ್ಟಂತಾಯಿತೆಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಇದೇ ಅವಧಿಯಲ್ಲಿ ಗೋಥೆನ್‌ಬರ್ಗ್‌ನಿಂದ ಗಂಭೀರ ಕೆಲಸವೂ ಹೊರಬಂದಿದೆ: 2016ರ ಎಕ್ಸ್1ಡಿ, ಕನ್ನಡಿಯಿಲ್ಲದ ಮೊದಲ ಮೀಡಿಯಂ ಫಾರ್ಮ್ಯಾಟ್ ಡಿಜಿಟಲ್ ಕ್ಯಾಮೆರಾ. 2024ರಲ್ಲಿ ಬಿಡುಗಡೆಯಾದ ಸಿಎಫ್‌ವಿ 100ಸಿ ಎಂಬ 100 ಮೆಗಾಪಿಕ್ಸೆಲ್ ಡಿಜಿಟಲ್ ಬೆನ್ನನ್ನು ಫಿಲಂ ಮ್ಯಾಗಜಿನ್ ಇದ್ದ ಜಾಗದಲ್ಲೇ ಸಿಕ್ಕಿಸಬಹುದು. 1957ರಲ್ಲಿ ಕೊಂಡ 500ಸಿಗೂ ಅದು ಹೊಂದಿಕೊಳ್ಳುತ್ತದೆ.